ಕಾಲ್ಚೆಂಡು ರಕ್ತದಲ್ಲಿಲ್ಲವಂತೆ!

ವಿಶ್ವಕಪ್ ಬಂದಾಗಲೆಲ್ಲ ಹೋಟೆಲುಗಳಲ್ಲಿ ಅದೇ ಹಳೆಯ ಮಾತು: "ಕಾಲ್ಚೆಂಡು ನಮ್ಮವರ ರಕ್ತದಲ್ಲಿಲ್ಲ." 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯದಾಗಿ ಬಂತಲ್ಲ ಎಂದರೆ, "ಹಂಗೇರಿ ಆಡಲು ಬರಲಿಲ್ಲ, ಅದೃಷ್ಟ" ಎನ್ನುತ್ತಾರೆ ಈ ಮಹಾಶಯರು.

ಹಂಗೇರಿ ಬರಲಿಲ್ಲ, ನಿಜ. ಆಸ್ಟ್ರೇಲಿಯ ಬಂದಿತ್ತಷ್ಟೆ? ಅದರ ನೆಲದಲ್ಲೇ ಅದನ್ನು 4-2ರಿಂದ ಬಡಿದದ್ದು ಯಾವ ಅದೃಷ್ಟ? ಮೂರು ಗೋಲು ನೆವಿಲ್ ಡಿಸೋಜ ಒಬ್ಬನದೇ. ಬೆಂಗಳೂರಿನ ಕೆಂಪಯ್ಯನೂ ಆ ತಂಡದವನೇ. ತಂಡವನ್ನು ಪಳಗಿಸಿದವರು ಹೈದರಾಬಾದಿನ ರಹೀಮ್ ಸಾಹೇಬರು. ಹಿಂದೆ ಶಾಲಾ ಮಾಸ್ತರರಾಗಿದ್ದವರು. (ಮಾಸ್ತರಿಕೆಯೆಂದರೆ ಮೂಗು ಮುರಿಯುವವರು ಕೇಳಿಸಿಕೊಳ್ಳಲಿ.) ಸೆಮಿಫೈನಲಿನಲ್ಲಿ ಯುಗೊಸ್ಲಾವಿಯದ ಮೇಲೆ ಮೊದಲ ಗೋಲು ಹೊಡೆದವರೂ ನಮ್ಮವರೇ, ಆಮೇಲೆ 1-4ರಿಂದ ಸೋತರು, ಅದು ಬೇರೆ ಮಾತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ತಂದದ್ದು ಯಾರ ರಕ್ತ?

1960ರ ರೋಮ್ ಆದಮೇಲೆ ನಮ್ಮ ತಂಡಕ್ಕೆ ಒಲಿಂಪಿಕ್ಸ್ ಬಾಗಿಲು ತೆರೆದಿಲ್ಲ. ರಕ್ತ ಕೆಟ್ಟಿತೆ? ಇಲ್ಲ. ಕೂಲಿಕಾರರ ಮಕ್ಕಳು ಚೆಂಡು ಒದೆಯುತ್ತಿದ್ದ ಬಯಲುಗಳಿಗೆ ಬೇಲಿ ಬಿತ್ತು, ನಿವೇಶನಗಳಾದವು. ಆ ಬೇಲಿಯ ಸುದ್ದಿಯನ್ನು ಮಹಾಶಯರು ಎತ್ತುವುದೇ ಇಲ್ಲ. ಮಕ್ಕಳಿಗೊಂದು ಬಯಲು ಬೇಕೆಂದು ನಾವು ಪುರಸಭೆಯ ಬಾಗಿಲಿಗೆ ಹೊರಟರೆ, ಇವರಲ್ಲಿ ಎಷ್ಟು ಜನ ಕುರ್ಚಿ ಬಿಟ್ಟು ಏಳುತ್ತಾರೆ?