ನಕ್ಷೆಗೆ ಬಣ್ಣ ಬಳಿಯುವ ಜೋಯಿಸರು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಪದವಿಗೆ ಮುಂದಿನ ಚುನಾವಣೆ ನಡೆಯಬೇಕಾದದ್ದು 2028ರ ನವೆಂಬರ್ 7ರಂದು. ಉಭಯ ಪಕ್ಷಗಳೂ ತಮ್ಮ ಅಭ್ಯರ್ಥಿಗಳನ್ನು ಇನ್ನೂ ಗೊತ್ತುಮಾಡಿಲ್ಲ. ಎರಡು ಸಲ ಚುನಾಯಿತರಾದ ಟ್ರಂಪ್ ಅವರಿಗೆ ಸಂವಿಧಾನದ 22ನೆಯ ತಿದ್ದುಪಡಿ ಅಡ್ಡ ಬರುವುದರಿಂದ ಆ ಕಡೆಯೂ ಬೇರೊಬ್ಬರೇ ನಿಲ್ಲಬೇಕು. ಅಷ್ಟರೊಳಗೆ ಯುದ್ಧ ನಡೆದೀತೆ, ಬೆಲೆಗಳು ಏರಿಯಾವೆ, ಬ್ಯಾಂಕುಗಳು ಮುಳುಗಿಯಾವೆ ಎಂಬುದನ್ನು ಬಲ್ಲವರು ಯಾರೂ ಇಲ್ಲ. ಆದರೂ ಕಾಳಗ ನಡೆಯುವ ರಾಜ್ಯಗಳು ಇಂಥಿಂಥವೇ, ಉಳಿದವು ಈಗಾಗಲೇ ಒಂದೊಂದು ಪಕ್ಷದ ಜೋಳಿಗೆಗೆ ಬಿದ್ದವೆಂದೇ ತಿಳಿಯಬೇಕು ಎಂಬ ಪಟ್ಟಿ ಮಾತ್ರ ಸಿದ್ಧವಾಗಿ ಕುಳಿತಿದೆ. ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯ, ಉತ್ತರ ಕ್ಯಾರೊಲೈನ, ಅರಿಜೋನ, ನೆವಾಡ—ಈ ಏಳು ಹೆಸರುಗಳನ್ನು ನಮ್ಮ ವಾಹಿನಿಗಳ ಪಂಡಿತರೂ ಬೆಂಗಳೂರಿನಲ್ಲಿ ಕುಳಿತು ಸಪ್ತರ್ಷಿಗಳ ಹೆಸರು ಹೇಳುವಷ್ಟು ಭಕ್ತಿಯಿಂದ ಒಪ್ಪಿಸುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬುದು ನಮ್ಮವರ ಗಾದೆ. ಅಮೆರಿಕದಲ್ಲಿ ಕುಲಾವಿ ಹೊಲಿಯುವುದೇ ಒಂದು ಉದ್ಯಮವಾಗಿದೆ.

ಈ ಉದ್ಯಮವನ್ನು ನಿರುಪದ್ರವಿಯಾದ ಕಾಲಕ್ಷೇಪವೆಂದು ಬಗೆದು ಸುಮ್ಮನಿರಬಹುದಿತ್ತು. ಹಾಗಿರಲು ಸಾಧ್ಯವಿಲ್ಲವೆಂಬುದೇ ನನ್ನ ವಾದ. ಈ ಪಟ್ಟಿ ಬಹಳ ಸಲ ಸುಳ್ಳಾಗಿದೆ. ನಿಜವಾದಾಗಲೂ ಅದು ಮಾಡಿರುವ ಹಾನಿ ಸಣ್ಣದಲ್ಲ.

ಮೊದಲು ಅಲ್ಲಿಯ ಏರ್ಪಾಡನ್ನು ಎರಡು ಮಾತಿನಲ್ಲಿ ನೆನೆಯೋಣ. ಅಧ್ಯಕ್ಷನನ್ನು ಆರಿಸುವವರು ನೇರವಾಗಿ ಪ್ರಜೆಗಳಲ್ಲ, 538 ಮಂದಿ ಚುನಾಯಕರು. 270 ಮಂದಿಯ ಬೆಂಬಲ ಬಂದವನು ಗೆದ್ದ. ಐವತ್ತು ರಾಜ್ಯಗಳಲ್ಲಿ ನಲವತ್ತೆಂಟು ರಾಜ್ಯಗಳೂ ರಾಜಧಾನಿ ವಾಷಿಂಗ್ಟನ್ನೂ ತಮ್ಮ ಚುನಾಯಕರನ್ನೆಲ್ಲ ಹೆಚ್ಚು ಮತ ಪಡೆದ ಒಬ್ಬನಿಗೇ ಕಟ್ಟಿಕೊಡುತ್ತವೆ. ಒಂದು ಮತದಿಂದ ಗೆದ್ದರೂ ಅಷ್ಟೇ, ಹತ್ತು ಲಕ್ಷದಿಂದ ಗೆದ್ದರೂ ಅಷ್ಟೇ. 2000ದಲ್ಲಿ ಫ್ಲಾರಿಡದಲ್ಲಿ ಬುಷ್ ಅವರಿಗೆ ಬಂದ ಹೆಚ್ಚುವರಿ ಮತ ಕೇವಲ 537. ಅಷ್ಟರಿಂದ ಇಡೀ ರಾಜ್ಯವೂ, ಅದರ ಹಿಂದೆಯೇ ಶ್ವೇತಭವನವೂ ಅವರ ಕೈಸೇರಿದವು. ಇಂಥ ನಿಯಮವಿರುವಲ್ಲಿ ಗೆಲುವು ಖಚಿತವಾದ ರಾಜ್ಯಕ್ಕಾಗಲಿ ಸೋಲು ಖಚಿತವಾದ ರಾಜ್ಯಕ್ಕಾಗಲಿ ಹೋಗುವುದು ಅಭ್ಯರ್ಥಿಗೆ ವ್ಯರ್ಥ ಶ್ರಮ. ಓಲಾಡುವ ರಾಜ್ಯ—ಅವರು ಸ್ವಿಂಗ್ ಸ್ಟೇಟ್ ಎನ್ನುವುದು ಇದನ್ನೇ—ಯಾವುದೆಂದು ಮೊದಲೇ ತಿಳಿಯುವ ಹಂಬಲ ಹುಟ್ಟಿದ್ದು ಇಲ್ಲಿಂದ.

ಹಂಬಲ ಹಳೆಯದು. ಒಂದು ಕಾಲಕ್ಕೆ ಮೇನ್ ರಾಜ್ಯದವರು ತಮ್ಮ ರಾಜ್ಯದ ಚುನಾವಣೆಯನ್ನು ಸೆಪ್ಟೆಂಬರಿನಲ್ಲೇ ಮುಗಿಸುತ್ತಿದ್ದರು. ಮೇನ್ ನಡೆದ ದಾರಿಯಲ್ಲೇ ದೇಶವೂ ನಡೆಯುತ್ತದೆಂಬ ಮಾತು ಅಲ್ಲಿ ಶಾಸ್ತ್ರವಚನದಂತೆ ಬೆಳೆದಿತ್ತು. 1936ರ ಸೆಪ್ಟೆಂಬರಿನಲ್ಲಿ ಮೇನ್ ರಿಪಬ್ಲಿಕನ್ನರನ್ನು ಆರಿಸಿತು. ಅದೇ ವರ್ಷ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, ಹಿಂದಿರುಗಿದ ಇಪ್ಪತ್ತು ಲಕ್ಷಕ್ಕೂ ಮೀರಿದ ಉತ್ತರಗಳನ್ನು ಎಣಿಸಿ, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ನವೆಂಬರಿನಲ್ಲಿ ರೂಸ್‌ವೆಲ್ಟ್ ಅವರಿಗೆ 523 ಚುನಾಯಕ ಮತಗಳು ಬಂದವು. ಲ್ಯಾಂಡನ್ ಅವರಿಗೆ ಎಂಟು. ಅವರಿಗೆ ದಕ್ಕಿದ ರಾಜ್ಯಗಳು ಎರಡೇ, ಮೇನ್ ಮತ್ತು ವರ್ಮಾಂಟ್.

ಆ ವರ್ಮಾಂಟಿನ ಕಥೆಯನ್ನೇ ನೋಡಿ. 1856ರಿಂದ 1960ರವರೆಗೆ ಒಂದು ಚುನಾವಣೆಯನ್ನೂ ಬಿಡದೆ ಅದು ರಿಪಬ್ಲಿಕನ್ ಪಕ್ಷಕ್ಕೆ ಮತ ಕೊಟ್ಟಿತು. ಇಂದು ಡೆಮಾಕ್ರಟಿಕ್ ಪಕ್ಷಕ್ಕೆ ಅದಕ್ಕಿಂತ ಭದ್ರವಾದ ಕೋಟೆ ಹುಡುಕುವುದು ಕಷ್ಟ. ಪಶ್ಚಿಮ ವರ್ಜೀನಿಯ ಇದರ ತಿರುವುಮುರುವು. ಗಣಿ ಕಾರ್ಮಿಕರ ಆ ನಾಡು 1988ರಲ್ಲಿ ದೇಶವೆಲ್ಲ ಕೈಬಿಟ್ಟಾಗಲೂ ಡೆಮಾಕ್ರಟ್ ಡುಕಾಕಿಸ್ ಅವರ ಕೈಹಿಡಿದಿತ್ತು, 1996ರಲ್ಲಿ ಕ್ಲಿಂಟನ್ ಅವರನ್ನು ಗೆಲ್ಲಿಸಿತ್ತು. 2024ರಲ್ಲಿ ಅಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮತ ಟ್ರಂಪ್ ಅವರಿಗೆ. 1976ರ ನಕ್ಷೆಯನ್ನು ಈಗಿನ ಹುಡುಗರಿಗೆ ತೋರಿಸಿದರೆ ಅಚ್ಚಿನ ತಪ್ಪೆಂದಾರು: ಟೆಕ್ಸಸ್ ಡೆಮಾಕ್ರಟ್ ಕಾರ್ಟರ್ ಅವರದು, ಕ್ಯಾಲಿಫೋರ್ನಿಯ ರಿಪಬ್ಲಿಕನ್ ಫೋರ್ಡ್ ಅವರದು!

ಇವೆಲ್ಲ ಅಜ್ಜನ ಕಾಲದ ಮಾತುಗಳಾದುವು, ಈಗ ಗಣಕಯಂತ್ರಗಳಿವೆ, ಅಂಕಿ ಅಂಶಗಳ ಶಾಸ್ತ್ರ ಬೆಳೆದಿದೆ ಎನ್ನುವವರುಂಟು. ಆಗಲಿ, ಈಚಿನದನ್ನೇ ತೆಗೆದುಕೊಳ್ಳೋಣ. 1992ರಿಂದ 2012ರವರೆಗೆ ಆರೂ ಸಲ ಡೆಮಾಕ್ರಟರನ್ನೇ ಗೆಲ್ಲಿಸಿದ ಹದಿನೆಂಟು ರಾಜ್ಯಗಳನ್ನು ಸಾಲಾಗಿ ನಿಲ್ಲಿಸಿ ಅದಕ್ಕೆ ‘ನೀಲಿ ಗೋಡೆ’ ಎಂದು ಹೆಸರಿಟ್ಟರು. ಗೋಡೆ ಗಟ್ಟಿ ಎಂದು ನಂಬಿದ ಹಿಲರಿ ಕ್ಲಿಂಟನ್ ಅವರು 2016ರಲ್ಲಿ ಪಕ್ಷದ ಅಭ್ಯರ್ಥಿಯಾದ ಬಳಿಕ ವಿಸ್ಕಾನ್ಸಿನ್ನಿಗೆ ಒಮ್ಮೆಯೂ ಕಾಲಿಡಲಿಲ್ಲ. ಅಲ್ಲಿ ಅವರು ಸೋತದ್ದು 22,748 ಮತಗಳಿಂದ, ಮಿಷಿಗನ್ನಿನಲ್ಲಿ 10,704ರಿಂದ. ದೇಶದಾದ್ಯಂತ ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದೂ ಅವರು ಮನೆಗೆ ಹೋಗಬೇಕಾಯಿತು. ಇನ್ನು ಓಹಾಯೊ. 1964ರಿಂದ 2016ರವರೆಗೆ ಗೆದ್ದವನ ಪಕ್ಕದಲ್ಲೇ ಇದ್ದು, ದೇಶದ ನಾಡಿ ಎನ್ನಿಸಿಕೊಂಡ ರಾಜ್ಯ ಅದು. ಈಗ ಅತ್ತ ಯಾರೂ ತಿರುಗಿ ನೋಡುವುದಿಲ್ಲ. 2012ರಲ್ಲಿ ಒಬಾಮ ಅವರಿಗೆ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಒಲಿದ ಫ್ಲಾರಿಡ 2024ರಲ್ಲಿ ಶೇಕಡಾ 13ರ ಅಂತರದಲ್ಲಿ ಟ್ರಂಪ್ ಅವರದಾಯಿತು. 1992ರ ಮೇಲೆ ಡೆಮಾಕ್ರಟರ ಮುಖ ನೋಡದಿದ್ದ ಜಾರ್ಜಿಯ 2020ರಲ್ಲಿ 11,779 ಮತಗಳಿಂದ ಬೈಡನ್ ಅವರ ಕಡೆ ವಾಲಿತು.

ಜೋಯಿಸರಲ್ಲಿ ಇನ್ನೊಂದು ಪಂಥವಿದೆ. ಇವರು ಗತ ಚುನಾವಣೆಯ ಅಂತರವನ್ನು ನೋಡುವುದಿಲ್ಲ, ಜನರ ಬಣ್ಣ, ಭಾಷೆ, ವಯಸ್ಸು ನೋಡುತ್ತಾರೆ. ಲ್ಯಾಟಿನ್ ಅಮೆರಿಕದ ಮೂಲದವರು ಹೆಚ್ಚುತ್ತಿದ್ದಾರೆ, ಅವರು ಡೆಮಾಕ್ರಟರು, ಆದುದರಿಂದ ಟೆಕ್ಸಸ್ ಇಂದಲ್ಲ ನಾಳೆ ನೀಲಿಯಾಗಲೇಬೇಕು—ಇದು ಅವರ ತರ್ಕ. 2002ರಲ್ಲಿ ಇಬ್ಬರು ಲೇಖಕರು ‘ದಿ ಎಮರ್ಜಿಂಗ್ ಡೆಮಾಕ್ರಟಿಕ್ ಮೆಜಾರಿಟಿ’ ಎಂಬ ಪುಸ್ತಕವನ್ನೇ ಬರೆದರು. 1969ರಲ್ಲಿ ಕೆವಿನ್ ಫಿಲಿಪ್ಸ್ ಬರೆದ ಪುಸ್ತಕದ ಹೆಸರು ‘ದಿ ಎಮರ್ಜಿಂಗ್ ರಿಪಬ್ಲಿಕನ್ ಮೆಜಾರಿಟಿ’ ಎಂಬುದನ್ನು ವಾಚಕರು ಗಮನಿಸಬೇಕು. ಬಹುಮತ ಯಾವಾಗಲೂ ಉದಯಿಸುತ್ತಲೇ ಇರುತ್ತದೆಂದು ಕಾಣುತ್ತದೆ. ಇರಲಿ. ಟೆಕ್ಸಸಿನ ಗಡಿಯಲ್ಲಿ ಸ್ಟಾರ್ ಎಂಬ ಜಿಲ್ಲೆಯಿದೆ. ಅಲ್ಲಿಯ ಜನರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಲ್ಯಾಟಿನೋಗಳು. 1892ರಿಂದೀಚೆಗೆ ರಿಪಬ್ಲಿಕನ್ ಅಭ್ಯರ್ಥಿಗೆ ಒಲಿಯದಿದ್ದ ಆ ಜಿಲ್ಲೆ 2024ರಲ್ಲಿ ಟ್ರಂಪ್ ಅವರನ್ನು ಗೆಲ್ಲಿಸಿತು. ಮನುಷ್ಯ ತನ್ನ ಅಜ್ಜನ ಊರಿಗಲ್ಲದೆ ತನ್ನ ಮನೆಯ ಖರ್ಚಿಗೂ ಮತ ಹಾಕಬಹುದೆಂಬುದು ಈ ಗಣಿತದಲ್ಲಿ ಬಿಟ್ಟುಹೋಗಿತ್ತು.

ನನ್ನ ಎದುರಾಳಿಗಳ ಬಳಿ ಒಂದು ಒಳ್ಳೆಯ ಉತ್ತರವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2024ಕ್ಕೆ ಅವರು ಬಹು ಮೊದಲೇ ಹೆಸರಿಸಿದ ಏಳು ರಾಜ್ಯಗಳಲ್ಲೇ ಚುನಾವಣೆ ತೀರ್ಮಾನವಾಯಿತು. ಏಳನ್ನೂ ಟ್ರಂಪ್ ಗೆದ್ದರು, 312ಕ್ಕೆ 226ರಂತೆ ಅಧ್ಯಕ್ಷರಾದರು. ನಿಜ. ಆದರೆ ಅಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಾಳಗದ ರಾಜ್ಯವೆಂದು ಹಣವನ್ನು ಹೊಳೆಯಾಗಿ ಹರಿಸಿದ ಅರಿಜೋನದಲ್ಲಿ ಟ್ರಂಪ್ ಗೆದ್ದ ಅಂತರ ಶೇಕಡಾ 5.5. ಭದ್ರವೆಂದು ಯಾರೂ ಮೂಸಿ ನೋಡದ ನ್ಯೂಜರ್ಸಿಯಲ್ಲಿ ಕಮಲಾ ಹ್ಯಾರಿಸ್ ಗೆದ್ದ ಅಂತರ ಶೇಕಡಾ 5.9. ಪಟ್ಟಿಯಲ್ಲಿಲ್ಲದ ನ್ಯೂ ಹ್ಯಾಂಪ್‌ಷೈರಿನಲ್ಲಿ ಹಣಾಹಣಿ ನಡೆದದ್ದು ಶೇಕಡಾ 2.8ರಲ್ಲಿ, ಪಟ್ಟಿಯಲ್ಲಿದ್ದ ನೆವಾಡ, ಉತ್ತರ ಕ್ಯಾರೊಲೈನ, ಅರಿಜೋನ ಮೂರಕ್ಕಿಂತಲೂ ಅದು ಬಿಗಿಯಾದ ಸ್ಪರ್ಧೆ! ಇನ್ನೂ ಒಂದು ಮಾತು. 2020ಕ್ಕೂ 2024ಕ್ಕೂ ನಡುವೆ ಜನರ ಮನಸ್ಸು ಅತಿ ಹೆಚ್ಚು ಕದಲಿದ್ದು ಈ ಏಳರಲ್ಲಿ ಅಲ್ಲ. ಪೆನ್ಸಿಲ್ವೇನಿಯದಲ್ಲಿ ಅಂತರ ಜರುಗಿದ್ದು ಶೇಕಡಾ ಮೂರರಷ್ಟು. ನ್ಯೂಯಾರ್ಕಿನಲ್ಲಿ ಡೆಮಾಕ್ರಟರ ಮುನ್ನಡೆ 23ರಿಂದ 13ರ ಆಸುಪಾಸಿಗೆ, ನ್ಯೂಜರ್ಸಿಯಲ್ಲಿ 16ರಿಂದ 6ಕ್ಕೆ, ಕ್ಯಾಲಿಫೋರ್ನಿಯದಲ್ಲಿ 29ರಿಂದ 20ಕ್ಕೆ ಇಳಿಯಿತು. ಎಲ್ಲರೂ ದುರ್ಬೀನು ಹಿಡಿದು ಏಳು ಕಡೆ ನೋಡುತ್ತಿದ್ದಾಗ ದೇಶ ಬೇರೆ ಕಡೆ ಕದಲುತ್ತಿತ್ತು.

ಇದಾದ ಮೇಲೆ ಜೋಯಿಸರು ಮಾಡಿದ್ದೇನು? ನ್ಯೂಜರ್ಸಿ ಇನ್ನು ಓಲಾಡುವ ರಾಜ್ಯವೆಂದು ಕೆಲವರು ಕೂಡಲೇ ನಕ್ಷೆ ತಿದ್ದಿದರು. 2025ರ ನವೆಂಬರಿನಲ್ಲಿ ಅಲ್ಲಿ ಗವರ್ನರ್ ಪದವಿಗೆ ಚುನಾವಣೆ ನಡೆದು ಡೆಮಾಕ್ರಟ್ ಮಿಕಿ ಶೆರಿಲ್ ಶೇಕಡಾ ಹತ್ತಕ್ಕೂ ಮೀರಿದ ಅಂತರದಲ್ಲಿ ಗೆದ್ದರು. ಈಗ ರಬ್ಬರು ತೆಗೆದುಕೊಂಡು ಮತ್ತೆ ಅಳಿಸುತ್ತಿದ್ದಾರೆ. 2028ರಲ್ಲಿ ನ್ಯೂಜರ್ಸಿ ಎತ್ತ ವಾಲುತ್ತದೆಂದು ಹೇಳಲು ನಾನೂ ಸಿದ್ಧನಿಲ್ಲ, ಹೇಳಬೇಕಾದ ಅಗತ್ಯವೂ ಕಾಣುವುದಿಲ್ಲ.

ಹಾನಿಯೇನೆಂದು ಕೇಳಿದಿರಲ್ಲವೆ? ಪಟ್ಟಿಯ ಹಿಂದೆ ಹಣ ಹೋಗುತ್ತದೆ, ಹಣದ ಹಿಂದೆ ಆಶ್ವಾಸನೆ ಹೋಗುತ್ತದೆ, ಆಶ್ವಾಸನೆಯ ಹಿಂದೆ ಕಾಯಿದೆ ಹೋಗುತ್ತದೆ. ನೆವಾಡದ ಲಾಸ್ ವೇಗಾಸ್ ನಗರದ ಜೀವನವೇ ಹೋಟೆಲು, ಜೂಜುಕಟ್ಟೆ. ಅಲ್ಲಿ ತಟ್ಟೆ ಎತ್ತುವವರಿಗೆ ಬರುವ ಟಿಪ್ಸಿಗೆ ತೆರಿಗೆಯಿಲ್ಲವೆಂದು 2024ರ ಜೂನಿನಲ್ಲಿ ಟ್ರಂಪ್ ಅಲ್ಲಿಯೇ ಘೋಷಿಸಿದರು; ಆಗಸ್ಟಿನಲ್ಲಿ ಹ್ಯಾರಿಸ್ ಅವರೂ ಅದೇ ಊರಿಗೆ ಹೋಗಿ ಅದೇ ಮಾತನ್ನು ಆಡಿದರು; 2025ರಲ್ಲಿ ಒಂದು ಮಿತಿಯವರೆಗೆ ಅದು ಕಾಯಿದೆಯೂ ಆಯಿತು. ಟಿಪ್ಸು ಬರುವ ಪರಿಚಾರಕನಿಗೆ ವಿನಾಯಿತಿ. ಅಷ್ಟೇ ಸಂಬಳದಲ್ಲಿ ಗೋದಾಮಿನಲ್ಲಿ ಮೂಟೆ ಹೊರುವವನಿಗೆ ಇಲ್ಲ. ಬಂಡೆಯನ್ನು ಸೀಳಿ ಅನಿಲ ತೆಗೆಯುವ ವಿಧಾನವನ್ನು ನಿಷೇಧಿಸಬೇಕೆಂದು 2019ರಲ್ಲಿ ಹೇಳಿದ್ದ ಹ್ಯಾರಿಸ್, 2024ರಲ್ಲಿ ನಿಷೇಧಿಸುವುದಿಲ್ಲವೆಂದರು. ನಡುವೆ ಬದಲಾದದ್ದು ಭೂಗರ್ಭಶಾಸ್ತ್ರವಲ್ಲ, ಪೆನ್ಸಿಲ್ವೇನಿಯದ 19 ಚುನಾಯಕ ಮತಗಳ ಲೆಕ್ಕ. ಅದೇ ರಾಜ್ಯದ ಪಿಟ್ಸ್‌ಬರ್ಗಿನ ಯು.ಎಸ್. ಸ್ಟೀಲ್ ಕಂಪೆನಿಯನ್ನು ಮಿತ್ರರಾಷ್ಟ್ರವಾದ ಜಪಾನಿನ ನಿಪ್ಪಾನ್ ಸ್ಟೀಲ್ ಕೊಳ್ಳಲು ಹೊರಟಾಗ ಬೈಡನ್, ಟ್ರಂಪ್ ಇಬ್ಬರೂ ಚುನಾವಣೆಯ ವರ್ಷದಲ್ಲಿ ಒಕ್ಕೊರಲಿನಿಂದ ಬೇಡವೆಂದರು. ಚುನಾವಣೆ ಮುಗಿದ ಮೇಲೆ, 2025ರ ಜೂನಿನಲ್ಲಿ, ಟ್ರಂಪ್ ಅವರೇ ಕೆಲವು ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಉಕ್ಕಿನ ಮೇಲೆ 2002ರಲ್ಲಿ ಬುಷ್ ಹೇರಿದ ಸುಂಕದ ಹಿಂದೆಯೂ ಇಂಥ ಎರಡು ಮೂರು ರಾಜ್ಯಗಳ ನೆರಳಿತ್ತು. ಆ ಸುಂಕದ ಬಿಸಿ ತಟ್ಟಿದ್ದು ಬೇರೆ ಖಂಡಗಳ ಕುಲುಮೆಗಳಿಗೆ.

ಮತ್ತೊಂದು ಕಡೆ, ಪಟ್ಟಿಯಲ್ಲಿಲ್ಲದವರ ಪಾಡು. 2020ರಲ್ಲಿ ಟ್ರಂಪ್ ಅವರಿಗೆ ಅತಿ ಹೆಚ್ಚು ಮತ ಬಂದ ರಾಜ್ಯ ಯಾವುದೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಟೆಕ್ಸಸ್ ಎಂದಾರು. ಅಲ್ಲ, ಕ್ಯಾಲಿಫೋರ್ನಿಯ, ಅರುವತ್ತು ಲಕ್ಷ. ಅವುಗಳಿಂದ ಅವರಿಗೆ ಒಬ್ಬ ಚುನಾಯಕನೂ ದಕ್ಕಲಿಲ್ಲ. 2024ರಲ್ಲಿ ಟೆಕ್ಸಸಿನಲ್ಲಿ ಹ್ಯಾರಿಸ್ ಅವರಿಗೆ ಬಿದ್ದ ನಲವತ್ತೆಂಟು ಲಕ್ಷ ಮತಗಳದೂ ಅದೇ ಗತಿ. ಎಡಿಸನ್ನಿನಲ್ಲಿ ಮಗನೋ, ಸ್ಯಾನ್ ಹೊಸೆಯಲ್ಲಿ ಮಗಳೋ ಇರುವ ಮನೆಗಳು ನಮ್ಮ ಬಸವನಗುಡಿ, ಸರಸ್ವತೀಪುರಂಗಳಲ್ಲಿ ಕಡಿಮೆಯಿಲ್ಲ. ಆ ಮಕ್ಕಳಲ್ಲಿ ಪೌರತ್ವ ಪಡೆದು ಮತ ಹಾಕುವವರೂ ಉಂಟು. ಅವರು ನೆಲೆಸಿದ ಕಡೆಗೆ ಅಭ್ಯರ್ಥಿಗಳು ಬರುವುದು ಹೆಚ್ಚಾಗಿ ಧನಿಕರ ಮನೆಯ ಭೋಜನಕೂಟಕ್ಕೆ, ದೇಣಿಗೆ ಎತ್ತಲು. ಹಾಗೆ ಎತ್ತಿದ ಹಣದಿಂದ ಪೆನ್ಸಿಲ್ವೇನಿಯದಲ್ಲಿ ಪ್ರಚಾರ ನಡೆಯುತ್ತದೆ. ನಿಮ್ಮ ಮತದಿಂದ ಏನೂ ಆಗದೆಂದು ಮೂರು ವರ್ಷ ಮೊದಲೇ ನಕ್ಷೆ ಬರೆದು ತೋರಿಸಿದರೆ, ಕಚೇರಿ ಬಿಟ್ಟು ಸಾಲಿನಲ್ಲಿ ಹೋಗಿ ನಿಲ್ಲುವ ಉತ್ಸಾಹ ಯಾರಿಗಿದ್ದೀತು? ಅವರು ನಿಲ್ಲದಿದ್ದರೆ ಭವಿಷ್ಯ ನಿಜವಾಯಿತೆಂದು ಜೋಯಿಸರು ಬೆನ್ನು ತಟ್ಟಿಕೊಳ್ಳುತ್ತಾರೆ.

ಮತಗಳನ್ನೆಲ್ಲ ಒಬ್ಬನಿಗೇ ಕಟ್ಟಿಕೊಡುವ ಈ ಪದ್ಧತಿ ಸಂವಿಧಾನದಲ್ಲಿ ಬರೆದದ್ದಲ್ಲ. ಆಯಾ ರಾಜ್ಯದ ಶಾಸನಸಭೆ ಮಾಡಿಕೊಂಡದ್ದು. ಅದೇ ಸಭೆ ಬದಲಾಯಿಸಬಹುದು. ಮೇನ್ 1972ರಿಂದಲೂ ನೆಬ್ರಾಸ್ಕ 1992ರಿಂದಲೂ ತಮ್ಮ ಚುನಾಯಕರನ್ನು ಕ್ಷೇತ್ರವಾರು ಹಂಚುತ್ತಿವೆ. ಅಪ್ಪಟ ರಿಪಬ್ಲಿಕನ್ ನೆಬ್ರಾಸ್ಕದಲ್ಲಿ ಒಮಾಹ ಪಟ್ಟಣದ ಸುತ್ತಲಿನ ಒಂದು ಕ್ಷೇತ್ರ 2008, 2020, 2024ರಲ್ಲಿ ಡೆಮಾಕ್ರಟರ ಪಾಲಾಯಿತು. ದೇಶವ್ಯಾಪಿಯಾಗಿ ಹೆಚ್ಚು ಮತ ಪಡೆದವರಿಗೇ ತಮ್ಮ ಚುನಾಯಕರನ್ನು ಕೊಡುತ್ತೇವೆಂದು 2024ರ ಹೊತ್ತಿಗೆ ಹದಿನೇಳು ರಾಜ್ಯಗಳೂ ರಾಜಧಾನಿಯೂ ಸೇರಿ ಒಪ್ಪಂದ ಮಾಡಿಕೊಂಡಿದ್ದವು. ಅವುಗಳ ಒಟ್ಟು ಬಲ 209. ಒಪ್ಪಂದ ಜಾರಿಗೆ ಬರಲು 270 ಬೇಕು. ಕ್ಷೇತ್ರವಾರು ಹಂಚಿಕೆಯಲ್ಲಿ ಕ್ಷೇತ್ರದ ಗಡಿಯನ್ನು ತಮಗೆ ಬೇಕಾದಂತೆ ಕತ್ತರಿಸುವ ಅಪಾಯವಿದೆ. ಎರಡನೆಯದೇ ಮೇಲೆಂದು ನನಗೆ ತೋರುತ್ತದೆ. ನೇರ ಚುನಾವಣೆಗಾಗಿ ಸಂವಿಧಾನವನ್ನೇ ತಿದ್ದುವ ಮಸೂದೆ 1969ರಲ್ಲಿ ಕೆಳಮನೆಯಲ್ಲಿ ಮೂರನೆಯ ಎರಡಕ್ಕೂ ಮೀರಿದ ಬಹುಮತದಿಂದ ಪಾಸಾಗಿತ್ತು. 1970ರಲ್ಲಿ ಸೆನೆಟ್ಟಿನ ಕೆಲವರು ಮಾತಾಡಿ ಮಾತಾಡಿ ಅದನ್ನು ಮುಳುಗಿಸಿದರು.

ಅಲ್ಲಿಯವರೆಗೆ ಪತ್ರಿಕೆಗಳೂ ವಾಹಿನಿಗಳೂ ಮಾಡಬಹುದಾದ ಸಣ್ಣ ಕೆಲಸವೊಂದಿದೆ. 2028ರ ನಕ್ಷೆಯನ್ನು ಅಚ್ಚು ಹಾಕುವಾಗ, ಅದೇ ಮಹನೀಯರು 2013ರಲ್ಲೂ 2021ರಲ್ಲೂ ಬರೆದುಕೊಟ್ಟಿದ್ದ ನಕ್ಷೆಗಳಿದ್ದರೆ ಅವನ್ನೂ ಅದರ ಪಕ್ಕದಲ್ಲಿ, ಅದೇ ಅಳತೆಯಲ್ಲಿ, ಅಚ್ಚು ಹಾಕಲಿ.