ದಂಡಿಗೆ ಹೋದವನ ಹೆಸರೇನು?

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಎಷ್ಟು ಸಲ ಆ ದಾರಿಯಲ್ಲಿ ಓಡಾಡಿದ್ದೀರಿ? ಒಂದು ದಿನವಾದರೂ ನಿಂತು ನೋಡಿದ್ದೀರಾ?

1918ರ ಸೆಪ್ಟೆಂಬರ್ 23. ಈಗ ಇಸ್ರೇಲಿನಲ್ಲಿರುವ ಹೈಫಾ. ಕಾರ್ಮೆಲ್ ಬೆಟ್ಟದ ಮೇಲೆ ತುರ್ಕರ ಫಿರಂಗಿ, ಮೆಷಿನ್ ಗನ್ನು. ಎದುರಿಗೆ ಮೈಸೂರು, ಜೋಧಪುರದ ಕುದುರೆ ಸವಾರರು. ಕೈಯಲ್ಲಿ ಭರ್ಜಿ! ಅದೇ ದಿನ ಊರು ಕೈವಶವಾಯಿತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನದು. ಅದರ ಮುಂದೆ ಫೋಟೋ ತೆಗೆಸಿಕೊಳ್ಳುವ ಕನ್ನಡಿಗರಿಗೇ ಇದು ಗೊತ್ತಿಲ್ಲ.

ಆ ಮಹಾಯುದ್ಧಕ್ಕೆ ಭಾರತದಿಂದ ಹಡಗು ಹತ್ತಿದವರು 10 ಲಕ್ಷಕ್ಕೂ ಹೆಚ್ಚು. ಬಹುಪಾಲು ನೇಗಿಲು ಹಿಡಿದ ಮನೆಯ ಮಕ್ಕಳು. 70 ಸಾವಿರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ಯುದ್ಧ ಬ್ರಿಟಿಷರದು, ಒಪ್ಪೋಣ. ಸತ್ತವನು ನಮ್ಮ ಮನೆಯವನು!

ಸತ್ತವನ ಹೆಸರು ಮರೆಯುವುದು ಕನ್ನಡ ನಾಡಿನ ಪದ್ಧತಿಯಲ್ಲ. ಸುಮಾರು 890ರಲ್ಲಿ ಬೆಂಗಳೂರು ಕಾಳಗದಲ್ಲಿ ಮಡಿದವನ ಹೆಸರು ಬೇಗೂರಿನ ಕಲ್ಲಿನಲ್ಲಿ ಕನ್ನಡದಲ್ಲೇ ಇದೆ. ನೂರು ವರ್ಷದ ಹಿಂದೆ ಹೋದ ನಿಮ್ಮ ಮುತ್ತಜ್ಜನ ತಮ್ಮನ ಹೆಸರು ಎಲ್ಲಿದೆ?

ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕುಳಿತು ಕೇಳಿ. ದಂಡಿಗೆ ಹೋದವನು ಯಾರು, ಯಾವ ಪಡೆ, ಕಾಗದ ಬಂತೇ, ಪಿಂಚಣಿ ಬಂತೇ? ಹಳೇ ಟ್ರಂಕಿನಲ್ಲಿ ಪದಕವಿದ್ದರೆ ಅದರ ಅಂಚು ನೋಡಿ. ನಂಬರು, ಹೆಸರು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಬೆಳ್ಳಿಯೆಂದು ಗಿರವಿ ಅಂಗಡಿಗೆ ಹಾಕಬೇಡಿ. ಆ ಹೆಸರನ್ನು ಕನ್ನಡದಲ್ಲಿ ಬರೆದು, ಊರಿನ ಶಾಲೆಯ ಗೋಡೆಗೆ ಹಾಕಿಸಿ.