ಮುಚ್ಚಿದ ಪೆಟ್ಟಿಗೆಯ ಲಿಲಾವು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸಾಂಗ್ಲಿವಾಡಿಯ ನಮ್ಮ ಮನೆಗೆ ಬಂದಿದ್ದನು. “ಗುರುಗಳೇ, 40 ಮಿಕ್ಸರ್ ಅದಾವ್ರಿ. ಗಿರಾಕಿಗಳು ವಾಪಸು ಕಳಿಸಿದ ಮಾಲು. ಇಡೀ ಲಾಟು 24,000ಕ್ಕ ಕೊಡ್ತಾರ. ಒಂದಕ್ಕ 600 ಬಿತ್ತು. 1,000ಕ್ಕ ಮಾರಿದ್ರೂ 16,000 ಲಾಭ” ಎಂದನು. ಹಣವೆಲ್ಲಿಯದೆಂದು ಕೇಳಿದೆನು. ತಲೆ ತಗ್ಗಿಸಿ, “ಅವ್ವ ಬಚತ್ ಗಟದಾಗ ಸಾಲ ತಗೀತಾಳ್ರಿ” ಎಂದನು.

ಮೊಬೈಲಿನಲ್ಲಿ ತರಿಸಿಕೊಂಡು ಜನರು ಮರಳಿಸಿದ ಸಾಮಾನುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ದೊಡ್ಡ ವ್ಯಾಪಾರಿಗಳಿಗೆ ದುಬಾರಿಯಾಗುತ್ತದೆ. ಆದುದರಿಂದ ರಾಶಿಯಾಗಿ ಕಟ್ಟಿ, ‘ಇದ್ದಲ್ಲಿ, ಇದ್ದಂತೆ’ ಎಂಬ ಕರಾರಿನ ಮೇಲೆ ಮಾರಿಬಿಡುತ್ತಾರೆ. ಇದರಲ್ಲಿ ಮೋಸವಿರಲೇಬೇಕೆಂದಿಲ್ಲ, ಪರೀಕ್ಷೆಯ ಹೊರೆ ಕೊಂಡವನ ಹೆಗಲಿಗೆ ಬಂದಿರುತ್ತದೆ, ಅಷ್ಟೆ.

ನಮ್ಮ ಸಾಂಗ್ಲಿಯ ಅರಿಷಿಣ ಪೇಟೆಯನ್ನು ನೋಡಿರಿ. ಚೀಲ ಬಿಚ್ಚದೆ ಯಾರೂ ಬೆಲೆ ಕೂಗುವುದಿಲ್ಲ. ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಾರೆ. ಹರಿಪುರ, ಸಾಂಗ್ಲಿವಾಡಿಗಳ ಹಗೇವುಗಳಲ್ಲಿ ಅರಿಷಿಣವು ವರುಷಗಟ್ಟಲೆ ಕೆಡದೆ ಇರುತ್ತಿತ್ತು. ಆ ಭದ್ರವಾದ ಹಗೇವುಗಳನ್ನೂ 2005ರ ಮಹಾಪೂರವು ಹಾಳುಮಾಡಿತು. 2019ರ ಆಗಸ್ಟಿನಲ್ಲಿ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರು 57 ಅಡಿ ದಾಟಿತು. ನೀರಿಳಿದ ಮೇಲೆ ತೊಯ್ದ ಬಟ್ಟೆಗಳು ಸಿಕ್ಕ ಬೆಲೆಗೆ ಹೋದವು. ಆದರೆ ಅಲ್ಲಿ ಕೊಳ್ಳುವವಳು ಸೀರೆಯನ್ನು ಬಿಡಿಸಿ ಕಲೆಯನ್ನು ಕಣ್ಣಾರೆ ನೋಡಬಹುದಾಗಿತ್ತು.

ನಾನು ಹಲಗೆ ತರಿಸಿ ಲೆಕ್ಕ ಬರೆದೆನು. ಮಾಲಿಗೆ 24,000, ಸಾಗಾಣಿಕೆಗೆ 3,000, ದುರಸ್ತಿಗೆ 3,000, ಒಟ್ಟು 30,000. 40ರಲ್ಲಿ 10 ಸುಟ್ಟಿದ್ದರೆ, 5ಕ್ಕೆ ಪಾತ್ರೆಯೇ ಇಲ್ಲದಿದ್ದರೆ, ಮಾರತಕ್ಕವು 25. ಒಂದಕ್ಕೆ 1,200 ಬಿತ್ತು! 1,000ಕ್ಕೆ ಮಾರಿದರೆ 5,000 ನಷ್ಟ. ಹುಡುಗನಿಗೆ ಭಾಗಾಕಾರ ಕಲಿಸಿದವನು ನಾನೇ. ಆದರೆ ಶಾಲೆಯ ಲೆಕ್ಕದಲ್ಲಿ ಭಾಜಕವನ್ನು ನಾವೇ ಕೊಟ್ಟಿರುತ್ತೇವೆ. ಪೇಟೆಯಲ್ಲಿ ಅದನ್ನು ತಾನೇ ಹುಡುಕಿಕೊಳ್ಳಬೇಕೆಂದು ಕಲಿಸಲಿಲ್ಲ.

ಕಾಯಿದೆಯ ಮಾತನ್ನೂ ತಿಳಿದಿರಬೇಕು. 1930ರ ಸರಕು ಮಾರಾಟ ಕಾಯಿದೆಯಂತೆ, ಸುತ್ತಿಗೆ ಬೀಳುವವರೆಗೆ ಕೂಗಿದವನು ಹಿಂದೆ ಸರಿಯಬಹುದು. ಬಿದ್ದ ಮೇಲೆ ವ್ಯವಹಾರ ಮುಗಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮರುಮಾರಾಟಕ್ಕೆಂದು ಕೊಂಡವನನ್ನು ‘ಗ್ರಾಹಕ’ನೆಂದು ಎಣಿಸುವುದಿಲ್ಲ. ಮನೆಗೆ ಒಂದು ಮಿಕ್ಸರು ಕೊಂಡ ತಾಯಿಗೆ ಇರುವ ಆಸರೆ, 40 ಕೊಂಡ ಮಗನಿಗಿಲ್ಲ.

ಹಾಗಾದರೆ ಈ ವ್ಯಾಪಾರವೇ ಬೇಡವೆ? ಹಾಗಲ್ಲ. ಗೋದಾಮಿಗೆ ತಾನೇ ಹೋಗಬೇಕು. ತನಗೆ ಬೇಕಾದ ನಾಲ್ಕೈದು ಪೆಟ್ಟಿಗೆಗಳನ್ನು ಬಿಚ್ಚಿಸಿ ನಡೆಸಿ ನೋಡಬೇಕು. ಮಾಲಿನ ಯಾದಿಯನ್ನೂ ಪಾವತಿಯನ್ನೂ ಪಡೆಯಬೇಕು. 1964ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಎಂ.ಎಸ್.ಟಿ.ಸಿ.ಯ ಅಂತರ್ಜಾಲ ಲಿಲಾವುಗಳಲ್ಲಿಯೂ ಮಾಲನ್ನು ಮುಂಚಿತವಾಗಿ ನೋಡುವ ದಿನಗಳನ್ನು ತಿಳಿಸುತ್ತಾರೆ. ನೋಡಗೊಡದವನಿಗೆ ಮುಂಗಡ ಕೊಡಬಾರದು.

ಹುಡುಗನು ಮರುದಿನ ಗೋದಾಮಿಗೆ ಹೋಗಿ ಐದು ಪೆಟ್ಟಿಗೆ ಬಿಚ್ಚಿಸಲು ಕೇಳಿದನಂತೆ. “ಮೊದಲು ರೊಕ್ಕ” ಎಂಬ ಉತ್ತರ ಬಂದಿತು. ಬರಿಗೈಯಲ್ಲಿ ಮರಳಿದನು. ಈಗ ಬೇರೆಡೆ ಪರೀಕ್ಷಿಸಿ ಆರು ಮಿಕ್ಸರು ತಂದಿದ್ದಾನೆ, ನಾಲ್ಕು ಮಾರಿವೆ. ಲಾಭ ಸಣ್ಣದು. ಆದರೆ ಅವನ ತಾಯಿ ಬಚತ್ ಗಟದ ಸಭೆಗೆ ಸಾಲ ಕೇಳಲು ಹೋಗಲಿಲ್ಲ. ಎಂದಿನಂತೆ ತನ್ನ ತಿಂಗಳ ಕಂತು ಕಟ್ಟಿ ಬಂದಳು.